ಹೊಗೆಕೊಳವೆಯ ನೀರು

ನಮ್ಮ ಮಾವನವರು ತೂತು ಕಂಡರೆ ಸುಮ್ಮನಿರುತ್ತಿರಲಿಲ್ಲ. ಕಲಬುರ್ಗಿಯ ಗಂಜ್‌ನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಅವರ ತೊಗರಿ ದಲ್ಲಾಳಿಯ ಅಡತಿ ಅಂಗಡಿ ಇತ್ತು. ಅವರ ಜೇಬಿನಲ್ಲಿ ಪೆನ್ನು ಇಲ್ಲದ ದಿನ ನೋಡಿದ್ದೇನೆ, ಚೀಲ ಹೊಲಿಯುವ ದಬ್ಬಣ ಇಲ್ಲದ ದಿನ ನೋಡಿಲ್ಲ. ಯಾವ ಚೀಲದಿಂದ ನಾಲ್ಕು ಕಾಳು ಉದುರಿದರೂ, ಅದು ತಮ್ಮದಿರಲಿ ಮಂದಿಯದಿರಲಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಹೊಲಿದೇ ಏಳುತ್ತಿದ್ದರು. ಅಫಜಲಪುರದ ನಮ್ಮ ಮನೆಯಲ್ಲಿ ತಳ ಸೋರುವ ಬಕೆಟ್ಟು, ಇಲಿ ಕೊರೆದ ಬಾಗಿಲು, ಹರಿದ ಕೊಡೆ ಯಾವುದೂ ಮರುದಿನದ ತನಕ ಹಾಗೇ ಉಳಿಯುತ್ತಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇತ್ತಂತೆ. ಅತ್ತೆ ಅದರಿಂದ ಪಕ್ಕದ ಮನೆಯಾಕೆಯ ಜತೆ ಸುಖದುಃಖ ಮಾತಾಡುತ್ತಿದ್ದರಂತೆ. ಅದನ್ನೂ ಸಿಮೆಂಟು ಹಾಕಿ ಮುಚ್ಚಿಸಿದ್ದರು. ಮೂವತ್ತು ವರ್ಷವಾದರೂ ಅತ್ತೆ ಆ ಜಾಗ ತೋರಿಸಿ ಗಂಡನನ್ನು ಬೈಯುವುದು ನಿಂತಿರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ತವರು ಆಳಂದ ತಾಲ್ಲೂಕಿನ ಹಿರೋಳ್ಳಿ. ಬಿಎಸ್ಸಿ ಆಗಿತ್ತು, ಬಿಎಡ್ ಆಗಿತ್ತು, ಅವೆರಡರ ಜತೆ ಬರುವ ಸೊಕ್ಕೂ ಇತ್ತು. ಮದುವೆಯಾದ ಎರಡನೇ ವರ್ಷ ಗೊಬ್ಬೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ನನ್ನ ಗಂಡ ಕಾಲುವೆ ಕೆಲಸದ ಮೇಲೆ ದೂರ ಇದ್ದವರು, ತಿಂಗಳಿಗೊಮ್ಮೆ ಬರುವವರು. ಅಪ್ಪನ ಎದುರು ಬಾಯಿ ಬಿಡುವ ಧೈರ್ಯ ಅವರಿಗೆ ನನಗಿಂತ ಕಡಿಮೆ. ಹಾಗಾಗಿ ಹೂಂ ಅನ್ನಬೇಕಾದವರು ಮಾವನವರೇ. ಒಂದು ವಾರ ಯೋಚನೆ ಮಾಡಿ, ಪಡಸಾಲೆಯಲ್ಲಿ ಕೂತು ಅತ್ತೆಗೆ ಹೇಳಿದರು.

"ನಮ್ಮ ಗಾಡಿ ದಿನಾ ಗೊಬ್ಬೂರ ಮ್ಯಾಲಿಂದೇ ಕಲಬುರ್ಗಿಗಿ ಹೋಗ್ತದ. ಸಾಲಿ ಮುಂದ ಇಳಸ್ತೇನಿ, ಸಂಜಿಕಿ ಬರೂವಾಗ ಕರಕೊಂಡು ಬರ್ತೇನಿ. ಗಾಡಿ ಇರೋತನಕ ನೌಕರಿ ಮಾಡ್ಲಿ. ಬಸ್ಸಿನ್ಯಾಗ ಜೋತುಬಿದ್ದು ಹೋಗೂದು ಮಾತ್ರ ನಮ್ಮ ಮನ್ಯಾಗ ಆಗೂದಿಲ್ಲ."

ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ಕುಣಿಯುವಷ್ಟು ಸಂತೋಷವಾಯಿತು. 'ಗಾಡಿ ಇರೋತನಕ' ಎಂಬ ಮಾತು ಆಗ ನನ್ನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ.

ಆ ಕಾಲಕ್ಕೆ ನಮ್ಮಂಥ ಮನೆಗಳಲ್ಲಿ ಸೊಸೆ ಮಾವನ ಜತೆ ಎದುರುಬದುರು ಮಾತಾಡುವ ಪದ್ಧತಿ ಇರಲಿಲ್ಲ. ಮಾವ ಪಡಸಾಲೆಯಲ್ಲಿ, ನಾನು ಬಾಗಿಲ ಆಚೆ, ನಡುವೆ ಅತ್ತೆ. "ಚಹಾಕ್ಕ ಸಕ್ಕರಿ ಕಮ್ಮಿ ಆಗ್ಯದ ಅಂತ ಹೇಳು" ಎಂದು ಅವರು ಅಂದರೆ, ನಾಲ್ಕು ಮೊಳ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ನನಗೆ ಅತ್ತೆ ಅದೇ ಮಾತನ್ನು ತಿರುಗಿ ಹೇಳುವರು. ಕಾರಿನಲ್ಲಿ ಅತ್ತೆಯ ಈ ಕೆಲಸ ಡ್ರೈವರ್ ಕಾಕಾನ ಪಾಲಿಗೆ ಬಂತು. ಕಾಕಾ ಅರ್ಧ ಆಯುಷ್ಯ ಲಾರಿ ಓಡಿಸಿ, ಬೆನ್ನು ಹಿಡಿದುಕೊಂಡ ಮೇಲೆ ನಮ್ಮಲ್ಲಿಗೆ ಬಂದವರು. ಮುಂದೆ ಅವರು ಮತ್ತು ಮಾವನವರು, ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ನಾನು.

"ಸಾಲಿ ಎಷ್ಟಕ್ಕ ಬಿಡ್ತದ ಕೇಳಪಾ."

"ಅಕ್ಕೋರ, ಸಾಲಿ ಎಷ್ಟಕ್ಕ ಬಿಡ್ತದಂತ್ರಿ?"

"ನಾಕೂವರಿಗಿ ಅಂತ ಹೇಳ್ರಿ ಕಾಕಾ."

"ನಾಕೂವರಿಗಂತ್ರಿ ಸಾವ್ಕಾರ್ರ."

ಆ ಮನೆಯ ಮಂದಿಯಲ್ಲಿ ನನ್ನನ್ನು ಅಕ್ಕೋರು, ಅಂದರೆ ಟೀಚರು ಎಂದು ಕರೆದವರು ಕಾಕಾ ಒಬ್ಬರೇ. ಹೀಗೆ ಒಂದೂವರೆ ವರ್ಷ, ದಿನಕ್ಕೆ ಎರಡು ಸಲ ಓಡಾಡಿದೆವು. ಅಷ್ಟರಲ್ಲಿ ಮಾವನವರ ಬೆನ್ನು ಮತ್ತು ಬಿಳೀ ಟೋಪಿ ನನಗೆ ಚೆನ್ನಾಗಿ ಪರಿಚಯವಾಗಿದ್ದವು, ಮುಖ ಅಷ್ಟಾಗಿ ಆಗಿರಲಿಲ್ಲ.

ಎರಡನೇ ಚಳಿಗಾಲದಲ್ಲಿ, ದೀಪಾವಳಿ ಮುಗಿದ ಮೇಲೆ, ಕಾರಿಗೆ ಏನೋ ಆಯಿತು. ಬೆಳಿಗ್ಗೆ ಚಾಲೂ ಮಾಡಿದರೆ ಹಿಂದಿನ ಹೊಗೆಕೊಳವೆಯಿಂದ ನೀರು ತೊಟ್ಟಿಕ್ಕುವುದು. ಅಂಗಳದಿಂದ ಬೀದಿಗೆ ಇಳಿಜಾರು. ಹಿಂದಕ್ಕೆ ತೆಗೆದುಕೊಂಡು ಇಳಿಸುವಾಗ ಚೊಂಬು ಬಗ್ಗಿಸಿದ ಹಾಗೆ ನೀರು ಸುರಿಯುವುದು. ರಸ್ತೆಯಲ್ಲಿ ಏರು ಬಂದರೆ ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುವುದು. ಒಂದು ದಿನ ಹಳ್ಳ ದಾಟಿ ಏರು ಹತ್ತುವಾಗ, ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ. ಹೋದವನು ಸುಮ್ಮನೆ ಹೋಗಬೇಕೋ ಬೇಡವೋ, ತಿರುಗಿ ನೋಡಿ ನಕ್ಕ.

ಊರಿನ ಮೇಸ್ತ್ರಿ ಬಂದ. ಬಾನೆಟ್ಟು ತೆರೆದ, ಮುಚ್ಚಿದ, ಕೈ ಒರೆಸಿಕೊಂಡ.

"ಹೆಡ್ ಗ್ಯಾಸ್ಕೆಟ್ ಹೋಗ್ಯದ್ರಿ ಸಾವ್ಕಾರ್ರ. ರೇಡಿಯೇಟರಿನ ನೀರು ಇಂಜಿನ್ನಿನ ಒಳಗ ಇಳದು ಹಿಂದಿನಿಂದ ಹೊರಗ ಬರಾಕತ್ತದ. ಇವತ್ತಿಲ್ಲ ನಾಳಿ ಇಂಜಿನ್ ಹಿಡಕೊಂಡು ಕೂಡ್ತದ ನೋಡ್ರಿ."

ತೊಗರಿಯ ಸುಗ್ಗಿ ಎದುರಿಗಿತ್ತು. ಸುಗ್ಗಿಯಲ್ಲಿ ನಡುದಾರಿಯಲ್ಲಿ ನಿಲ್ಲುವ ಗಾಡಿ ಮಾವನವರಿಗೆ ಬೇಕಿರಲಿಲ್ಲ. ಆಳಂದದಲ್ಲಿ ಬೇಳೆ ಮಿಲ್ಲು ನಡೆಸುವ ಒಬ್ಬರು ಹಳೇ ಕಾರು ಹುಡುಕುತ್ತಿದ್ದರು. ಅವರಿಗೆ ಹೇಳಿಕಳಿಸಿದರು. ಬರುವ ಸೋಮವಾರ ಬಿಟ್ಟು ಅದರಾಚೆಯ ಸೋಮವಾರ ಬಂದು ನೋಡುತ್ತೇವೆ ಎಂದು ಅವರಿಂದ ಉತ್ತರ ಬಂತು. ಗಾಡಿ ಮಾರಿದ ಮೇಲೆ ಸುಗ್ಗಿ ಮುಗಿಯುವ ತನಕ ಮಾವನವರು ಅಂಗಡಿಯಲ್ಲೇ ಉಳಿಯುವುದೆಂದು ತೀರ್ಮಾನವಾಯಿತು.

"ಮತ್ತ ನನ್ನ ಸಾಲಿ?" ಎಂದು ಅತ್ತೆಯ ಮೂಲಕ ಕೇಳಿಸಿದೆ.

"ಗಾಡಿ ಇರೋತನಕ ಅಂತ ಅವಾಗೇ ಹೇಳಿದ್ದೆನಲ್ಲ," ಎಂದರು ಮಾವನವರು. ಗದರಿಸಿ ಹೇಳಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದರು. ಅದಕ್ಕೇ ಇನ್ನೂ ಹೆಚ್ಚು ಹೊಟ್ಟೆ ಉರಿಯಿತು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹತ್ತನೇ ಇಯತ್ತೆಯಲ್ಲಿ ಐದು ಹುಡುಗಿಯರಿದ್ದರು. ಹೆಣ್ಣುಮಗಳು ಕಲಿಸುತ್ತಾಳೆ ಎಂದೇ ಅವರ ಮನೆಯವರು ಶಾಲೆ ಬಿಡಿಸದೆ ಉಳಿಸಿದ್ದರು. ನಾನು ಮನೆಯಲ್ಲಿ ಕೂತರೆ ಅವರೂ ಕೂರುವವರೇ. ಇದು ಒಂದು. ಇನ್ನೊಂದು, ಮೇಸ್ತ್ರಿ ಹೇಳಿದ್ದು ಶುದ್ಧ ತಪ್ಪು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಉರಿಯುವಿಕೆಯ ಪಾಠವನ್ನು ಹಿಂದಿನ ವಾರವಷ್ಟೇ ಮುಗಿಸಿದ್ದೆ. ಪೆಟ್ರೋಲು ಉರಿದರೆ ಹೊಗೆಯ ಜತೆ ನೀರಿನ ಆವಿಯೂ ಹುಟ್ಟುತ್ತದೆ. ಬೇಸಿಗೆಯಲ್ಲಿ ಅದು ಕಣ್ಣಿಗೆ ಕಾಣದೆ ಹೋಗುತ್ತದೆ, ಚಳಿಯಲ್ಲಿ ತಣ್ಣನೆಯ ಕೊಳವೆಗೆ ತಾಗಿ ಹನಿಯಾಗುತ್ತದೆ. ಇಷ್ಟೇ ಸಂಗತಿ.

"ಪೆಟ್ರೋಲ್ ಉರದ್ರ ನೀರು ಆಗ್ತದಂತ ಹೇಳ್ರಿ ಅತ್ತಿ," ಎಂದೆ.

ಅತ್ತೆ ಹೇಳುವ ಬದಲು ನನ್ನ ಮುಖ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ಬೆಂಕ್ಯಾಗಿಂದ ನೀರು ಹುಟ್ತದಂತ್ರಿ," ಎಂದರು.

"ಹಂಗಾದ್ರ ಬ್ಯಾಸಿಗ್ಯಾಗ ನೀರಿಲ್ಲದಾಗ ಊರಿಗಿ ಬೆಂಕಿ ಹಚ್ಚೂಣು, ಎಲ್ಲಾರೂ ಹೊಟ್ಟಿತುಂಬ ಕುಡಿಯೂಣು ಅಂತ ಹೇಳು."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೂ ಒಳಗೊಳಗೇ ನಗು ಬಂತು, ಆದರೆ ಸೋತೆ ಎಂದು ಒಪ್ಪಲಿಲ್ಲ.

ಮರುದಿನದಿಂದ ಕಾಕಾನಿಗೆ ಒಂದು ಕೆಲಸ ಹಚ್ಚಿದೆ. ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನಲ್ಲಿ ಕಸಬರಿಗೆ ಕಡ್ಡಿ ಅದ್ದಿ, ನೀರು ಎಲ್ಲಿಯವರೆಗೆ ಬಂತೆಂದು ಚಾಕುವಿನಲ್ಲಿ ಗುರುತು ಹಾಕುವುದು. ಒಂದು ವಾರ ಹಾಕಿದರು. ಗುರುತು ಇದ್ದಲ್ಲೇ ಇತ್ತು. ರೇಡಿಯೇಟರಿನ ನೀರು ಕಡಿಮೆಯೇ ಆಗುತ್ತಿಲ್ಲ ಅಂದಮೇಲೆ ಹಿಂದಿನಿಂದ ಸುರಿಯುವುದು ಎಲ್ಲಿಯ ನೀರು? ಕಡ್ಡಿಯನ್ನು ಅತ್ತೆಯ ಕೈಯಲ್ಲಿ ಪಡಸಾಲೆಗೆ ಕಳಿಸಿದೆ. "ಮೇಸ್ತ್ರಿ ನಲವತ್ತು ವರ್ಷ ಪಾನಾ ಹಿಡದಾನ, ಇವಳು ಕಸಬರಿಗಿ ಕಡ್ಡಿ ಹಿಡದಾಳ," ಎಂದು ಕಡ್ಡಿ ವಾಪಸು ಬಂತು.

ನನ್ನನ್ನು ಕೊನೆಗೆ ಕಾಪಾಡಿದ್ದು ನಮ್ಮ ಮನೆಯ ಬಾವಿಯ ಸವುಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಕುಡಿಯುವ ನೀರನ್ನು ದೂರದ ಸಿಹಿನೀರಿನ ಬಾವಿಯಿಂದ ಹೊತ್ತು ತರಬೇಕು. ಮನೆಯ ನೀರನ್ನು ಯಾವ ಪಾತ್ರೆಯಲ್ಲಿ ಕಾಯಿಸಿದರೂ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳೀ ಪೊರೆ ಕೂರುವುದು. ಹುಣಸೆಹಣ್ಣು ಹಾಕಿ ಅದನ್ನು ಉಜ್ಜಿ ಉಜ್ಜಿ ಅತ್ತೆಯ ಬೆರಳ ತುದಿಗಳು ಸವೆದಿದ್ದವು. ಶುಕ್ರವಾರ ಬೆಳಿಗ್ಗೆ ಹಂಡೆಯ ಒಳಗೆ ತಲೆ ಹಾಕಿ ಅವರು ಉಜ್ಜುತ್ತಿದ್ದಾಗ ನನಗೆ ಹೊಳೆಯಿತು. ರೇಡಿಯೇಟರಿಗೆ ಕಾಕಾ ಹಾಕುವುದೂ ಇದೇ ನೀರು.

ಓಡಿಹೋಗಿ ಹೊಗೆಕೊಳವೆಯ ಕೆಳಗೆ ತಟ್ಟೆ ಇಟ್ಟು, ಕಾಕಾನಿಂದ ಗಾಡಿ ಚಾಲೂ ಮಾಡಿಸಿದೆ. ಒಂದು ಕಪ್ಪಿನಷ್ಟು ನೀರು ಸಿಕ್ಕಿತು. ರೇಡಿಯೇಟರಿನಿಂದ ಅಷ್ಟೇ ನೀರು ತೆಗೆಸಿದೆ. ಎರಡನ್ನೂ ಎರಡು ಹಳೇ ಬಟ್ಟಲಿಗೆ ಹಾಕಿ ಅಡುಗೆ ಒಲೆಯ ಮೇಲೆ ಇಡಹೋದರೆ ಅತ್ತೆ ಅಡ್ಡ ನಿಂತರು. ಲಿಂಗಪೂಜೆಯ ಪ್ರಸಾದ ಮಾಡುವ ಒಲೆಯ ಮೇಲೆ ಮೋಟರಿನ ನೀರೇ? ಕೊನೆಗೆ ಬಚ್ಚಲ ಒಲೆಗೆ ಒಪ್ಪಿದರು. ಪೆಟ್ರೋಲಿನ ವಾಸನೆಗೆ ಮೂಗು ಮುಚ್ಚಿಕೊಂಡೇ ನನ್ನ ಪಕ್ಕದಲ್ಲಿ ಕೂತರು. ಎರಡೂ ಬಟ್ಟಲು ಬತ್ತಿದವು. ರೇಡಿಯೇಟರಿನ ನೀರಿನ ಬಟ್ಟಲಲ್ಲಿ ಬಿಳೀ ಪೊರೆ ದಪ್ಪಗೆ ಕೂತಿತ್ತು. ಇನ್ನೊಂದರಲ್ಲಿ ಸ್ವಲ್ಪ ಕರೀ ಮಸಿ, ಸ್ವಲ್ಪ ತುಕ್ಕು, ಅಷ್ಟೇ. ಅತ್ತೆ ಉಗುರಿನಿಂದ ಕೆರೆದು ನೋಡಿದರು. ಬೆಳಕಿಗೆ ಹಿಡಿದು ನೋಡಿದರು.

"ಇದು ನಮ್ಮ ಬಾವಿ ನೀರು ಅಲ್ಲೇ ಅಲ್ಲ," ಎಂದರು. "ನಮ್ಮ ಬಾವಿ ನೀರು ಎಲ್ಲಿ ಹೋದ್ರೂ ತನ್ನ ಗುರ್ತು ಬಿಟ್ಟು ಹೋಗ್ತದ. ಮೂವತ್ತು ವರ್ಷ ತಿಕ್ಕೇನಿ, ನನಗ ಗೊತ್ತಿಲ್ಲೇನು?"

ಎರಡೂ ಬಟ್ಟಲು ಹಿಡಿದುಕೊಂಡು ಅವರೇ ಪಡಸಾಲೆಗೆ ನಡೆದರು. ನಾನು ಹೇಳಿಕೊಟ್ಟಿರಲಿಲ್ಲ. "ನಿಮ್ಮ ಮೇಸ್ತ್ರಿಗಿ ಏನೂ ತಿಳ್ಯಂಗಿಲ್ರಿ. ಆಕಿ ಹೇಳೂದೇ ಖರೇ ಅದ" ಎಂದು ಅವರು ಹೇಳಿದ್ದು ಕೇಳಿ ಬಾಗಿಲ ಹಿಂದೆ ನನ್ನ ಎದೆ ಉಬ್ಬಿತು. ಮಾವನವರು ಬಟ್ಟಲುಗಳನ್ನು ತೊಗರಿ ಮಾದರಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಆತು. ಇಂಜಿನ್ ಛಲೋ ಅದ ಅಂತ ತಿಳಕೊಳ್ಳೂಣು. ಮತ್ತ ಗಾಡಿ ಏರು ಯಾಕ ಏರವಲ್ದು? ಹೋದ ವರ್ಷದ ಚಳಿಗಾಲದಾಗ ಯಾಕ ಹಿಂಗ ಇರಲಿಲ್ಲ? ಅದನ್ನ ಹೇಳಂತ ಹೇಳು."

ಪ್ರಶ್ನೆ ಸರಿಯಾಗಿತ್ತು. ಆಳಂದದವರು ಬರಲು ಎರಡೇ ದಿನ ಉಳಿದಿತ್ತು.

ಶನಿವಾರ ಶಾಲೆಗೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಕೂತೆ. ನಿದ್ದೆಗಲ್ಲ, ಕೇಳಿಸಿಕೊಳ್ಳಲು. ಹಿಂದಿನ ಸೀಟು ನನ್ನದು, ಸೈಲೆನ್ಸರು ಅದರ ಕೆಳಗೇ. ಗಾಡಿ ಏರಿದರೆ ಗುಳುಗುಳು ಸದ್ದು ಹಿಂದಕ್ಕೆ ಸರಿಯುವುದು, ಇಳಿದರೆ ಮುಂದಕ್ಕೆ ಬರುವುದು. ಅರ್ಧ ತುಂಬಿದ ಕೊಡ ಹೊತ್ತು ನಡೆದ ಯಾವ ಹೆಣ್ಣುಮಗಳಿಗೂ ಆ ಸದ್ದು ಗೊತ್ತು. ಮುಂದಿನ ಸೀಟಿನವರಿಗೆ ಅದು ಕೇಳುತ್ತಲೇ ಇರಲಿಲ್ಲ. ನೀರು ಹುಟ್ಟುವುದು ಸಹಜ, ಆದರೆ ಅದು ಸೈಲೆನ್ಸರಿನ ಹೊಟ್ಟೆಯಲ್ಲಿ ನಿಂತುಕೊಂಡಿದೆ. ಬಿಚ್ಚಿ ನೋಡಲೇಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ಭಾನುವಾರ ಮಾವನವರು ಹೊಲಕ್ಕೆ ಹೋದರು. ಅವರು ಓಣಿ ತಿರುಗಿದ್ದೇ ತಡ, ಕಾಕಾನಿಗೆ ಹೇಳಿದೆ. ಕಾಕಾ ಮೊದಲು ಹಿಂಜರಿದರು. "ಸಾವ್ಕಾರ್ರಿಗಿ ಗೊತ್ತಾದ್ರ ನನ್ನ ನೌಕರೀನೂ ಹೋಗ್ತದ್ರಿ ಅಕ್ಕೋರ." "ಗಾಡಿ ಹೋದ್ರೂ ನಿಮ್ಮ ನೌಕರಿ ಹೋಗೂದೇ ಅದಲ್ರಿ ಕಾಕಾ," ಎಂದೆ. ಆ ಮಾತು ಅವರಿಗೆ ಸರಿ ಕಂಡಿತು. ಅತ್ತೆ ಅಂಗಳದ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತರು, ಕೈಯಲ್ಲಿ ಮೊರ ಹಿಡಿದು, ಅಕ್ಕಿ ಆರಿಸುವವರ ಹಾಗೆ. ಮೊರದಲ್ಲಿ ಅಕ್ಕಿಯೇ ಇರಲಿಲ್ಲ.

ಕಾಕಾನ ಬೆನ್ನು ಬಗ್ಗುತ್ತಿರಲಿಲ್ಲ. ಹಾಗಾಗಿ ಗೋಣಿಚೀಲ ಹಾಸಿ, ಸೀರೆ ಕಚ್ಚೆ ಕಟ್ಟಿ, ಕಾರಿನ ಕೆಳಗೆ ಹೋದವಳು ನಾನೇ. ಅವರು ಹೊರಗಿನಿಂದ ಹೇಳುವರು, ನಾನು ಒಳಗೆ ನಟ್ಟು ಬಿಚ್ಚುವ ಪಾನಾ ತಿರುಗಿಸುವೆ. ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ಸೀಮೆಎಣ್ಣೆ ಹಾಕಿ ಕಾದೆವು. ಒಂದು ಬಿಚ್ಚಿಕೊಂಡಿತು, ಇನ್ನೊಂದು ಮುರಿಯಿತು, ಸೈಲೆನ್ಸರನ್ನು ಹಿಡಿದಿದ್ದ ಪಟ್ಟಿ ನನ್ನ ಕೈಯಲ್ಲೇ ಎರಡು ತುಂಡಾಯಿತು. ಇನ್ನು ವಾಪಸು ಕೂಡಿಸುವ ಹಾಗಿಲ್ಲ ಎಂದು ತಿಳಿದು ಕಾಕಾ ತಲೆಯ ಮೇಲೆ ಕೈ ಇಟ್ಟುಕೊಂಡರು. ನಾನು ಸೈಲೆನ್ಸರನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡೇ ಹೊರಗೆ ಜಾರಿದೆ. ಕಣ್ಣು, ಮೂಗು, ತಲೆಗೂದಲೆಲ್ಲ ತುಕ್ಕಿನ ಪುಡಿ.

ಎತ್ತಿ ಬಗ್ಗಿಸಿದೆವು. ಕರೀ ನೀರು ಅಂಗಳದ ಪರಸಿಗಲ್ಲಿನ ಮೇಲೆ ಬಳಬಳ ಸುರಿಯಿತು. ಅದರ ಹಿಂದೆ ಹಪ್ಪಳದಂಥ ತುಕ್ಕಿನ ಚೂರುಗಳು. ನಿಂತ ನೀರಿಗೆ ಒಳಗಿನ ತಗಡುಗಳು ಕರಗಿ, ಕಳಚಿ, ದಾರಿಗೆ ಅಡ್ಡ ಬಿದ್ದಿದ್ದವು. ಹೊಗೆ ಹೋಗಲು ದಾರಿ ಇಲ್ಲದೆ ಇಂಜಿನ್ನು ಉಸಿರು ಕಟ್ಟಿಕೊಂಡು ದುಡಿಯುತ್ತಿತ್ತು. "ಚಾಲೂ ಮಾಡ್ರಿ ಕಾಕಾ!" ಎಂದೆ. ಮಾಡಿದರು. ಏನು ಆ ಸದ್ದು! ಬೇವಿನ ಮರದ ಕಾಗೆಗಳೆಲ್ಲ ಒಂದೇ ಸಲ ಎದ್ದವು, ಅತ್ತೆಯ ಮೊರ ಕೆಳಗೆ ಬಿತ್ತು. ಒಂದು ಕೆಮ್ಮಿಲ್ಲ, ಒಂದು ತಡವರಿಕೆ ಇಲ್ಲ. ಲಾರಿ ಓಡಿಸಿದ ಕಾಕಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ಇಂಜಿನ್ ಹೊಸಾದಿದ್ದಂಗ ಅದ್ರಿ ಅಕ್ಕೋರ," ಎಂದರು.

ಆಗ ನಾನು ಸೈಲೆನ್ಸರಿನ ಹೊಟ್ಟೆಯನ್ನು ಬಟ್ಟೆಯಿಂದ ಒರೆಸಿದೆ. ನೀರು ಯಾವಾಗಲೂ ಹುಟ್ಟುವುದೇ ಆದರೆ, ಅದು ಇಳಿದುಹೋಗಲು ಮೊದಲು ಎಲ್ಲೋ ದಾರಿ ಇದ್ದಿರಲೇಬೇಕು. ತಳದ ಅತ್ಯಂತ ಕೆಳಗಿನ ಜಾಗದಲ್ಲಿ ಬೆರಳಿಗೆ ಒಂದು ಗಂಟು ತಾಗಿತು. ಕಡಲೆಕಾಳಿನಷ್ಟು ವೆಲ್ಡಿಂಗ್ ಗಂಟು.

"ಇಲ್ಲಿ ನೀರು ಇಳ್ಯಾಕಂತ ಸಣ್ಣ ತೂತು ಇತ್ತೇನ್ರಿ ಕಾಕಾ? ಯಾರು ಮುಚ್ಚಿದ್ರು?"

ಕಾಕಾ ನೆಲ ನೋಡಿದರು. ಅತ್ತೆಯನ್ನು ನೋಡಿದರು. ಕೊನೆಗೆ ಹೇಳಿದರು. ಹಿಂದಿನ ಶಿವರಾತ್ರಿಯ ಹೊತ್ತಿಗೆ ಮಾವನವರು ಜೇವರ್ಗಿಗೆ ಬೀಗರ ಮನೆಗೆ ಹೋಗಿದ್ದರು. ಅಲ್ಲಿ ಚಾಲೂ ಇದ್ದ ಗಾಡಿಯ ಕೆಳಗೆ ಹನಿ ಬೀಳುವುದನ್ನು ಕಂಡರು. ಬಗ್ಗಿ ನೋಡಿದರೆ ತೂತು! ಕೇಳಬೇಕೇ? ಹೆದ್ದಾರಿ ಪಕ್ಕದ ವೆಲ್ಡಿಂಗ್ ಅಂಗಡಿಗೆ ಗಾಡಿ ಒಯ್ದು, ನಿಂತು ಮುಚ್ಚಿಸಿದರು. "ಬಿಡ್ರಿ ಸಾವ್ಕಾರ್ರ, ಅದು ಇರೂದೇ ಹಂಗ" ಎಂದು ವೆಲ್ಡಿಂಗಿನವನು ಅಂದನಂತೆ. "ಇವತ್ತು ಹನಿ ಸೋರ್ತದ, ನಾಳಿ ಪೆಟ್ರೋಲ್ ಸೋರ್ತದ. ಮುಚ್ಚು" ಎಂದರಂತೆ ನಮ್ಮವರು.

ಅತ್ತೆ ಅಲ್ಲೇ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನನ್ನ ಕಿಂಡಿ ಮುಚ್ಚಿದ ಕೈ ನೋಡು ಅದು, ಸುಮ್ಮನಿರ್ತದೇನು!" ನಾನೂ ನಕ್ಕೆ. ಆಮೇಲೆ ನಗು ನಿಂತು ಹೆದರಿಕೆ ಶುರುವಾಯಿತು. ಕಾರು ಉಳಿಯಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ತಪ್ಪು ನಿಮ್ಮದೇ ಎಂದು ಸೊಸೆಯಾದವಳು ಮಾವನಿಗೆ ಹೇಳಿದ ಹಾಗೆ. ಅದಾದ ಮೇಲೆ ಕಾರು ಉಳಿದರೂ ಅದರಲ್ಲಿ ನನಗೆ ಜಾಗ ಉಳಿಯುತ್ತದೆಂಬ ಭರವಸೆ ಏನು?

"ನೀ ಬಾಯಿ ತೆರೀಬ್ಯಾಡ," ಎಂದರು ಅತ್ತೆ. "ಅವರಿಗಿ ತಮ್ಮ ಕಣ್ಣಿಗಿ ತಾವೇ ಕಂಡ್ರ ಮಾತ್ರ ನಂಬಿಕಿ."

ಸಂಜೆ ಮಾವನವರು ಬಂದರು. ಕಟ್ಟೆಯ ಮೇಲಿದ್ದ ಸೈಲೆನ್ಸರನ್ನು ನೋಡಿ ನಿಂತರು. ಗಂಟು ಇದ್ದ ಭಾಗ ಕೆಳಗಿತ್ತು, ಕಾಣುತ್ತಿರಲಿಲ್ಲ.

"ಯಾರು ಬಿಚ್ಚಿದ್ದು ಅಂತ ಕೇಳು."

"ನಾನೇ ಅಂತ ಹೇಳ್ರಿ ಅತ್ತಿ."

"ನಾಳಿ ಅವರು ಬರ್ತಾರ. ಗಾಡಿ ಹೆಂಗ ಅದನೋ ಹಂಗೇ ತೋರಸ್ತೇನಿ. ಮುಚ್ಚಿಟ್ಟು ಮಾರಾವ ನಾ ಅಲ್ಲ," ಎಂದು ಕಾಲು ತೊಳೆಯಲು ಹೋದರು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಆಳಂದದವರು ಬಂದರು. ಗಾಡಿ ಸುತ್ತ ಒಂದು ಸುತ್ತು ಹಾಕಿ ಹೆಸರಿಡಲು ಶುರು ಮಾಡಿದರು. ಟಾಯರು ಸವೆದಿದೆ, ಬಾಗಿಲು ಜೋತಿದೆ, ಬಣ್ಣ ಹೋಗಿದೆ, ಸೈಲೆನ್ಸರಂತೂ ಕಟ್ಟೆಯ ಮೇಲೆ ಮಲಗಿದೆ. ಮಾವನವರು ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದರು. ಮೇಸ್ತ್ರಿ ಏನು ಹೇಳಿದ ಎಂಬುದನ್ನೂ ತಾವಾಗಿ ಹೇಳಿದರು. ಆಮೇಲೆ ಕಾಕಾ ಚಾಲೂ ಮಾಡಿದರು. ಅಂಗಳ ಗುಡುಗಿತು. ಆಳಂದದವರು ತಲೆ ವಾರೆ ಮಾಡಿ ಕೇಳಿದರು, ಬಗ್ಗಿ ಹೊಗೆಯ ಬಣ್ಣ ನೋಡಿದರು, ಎದ್ದರು. ಅಲ್ಲಿಂದಾಚೆ ಒಂದೇ ಒಂದು ಹೆಸರಿಡಲಿಲ್ಲ.

"ಇರ್ಲಿ ಬಿಡ್ರಿ, ನಡೀತದ. ಹಿಂಗೇ ಒಯ್ತೇನಿ. ಈಗೇ ಒಯ್ತೇನಿ."

ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದುದು ಆಳಂದದವರನ್ನಲ್ಲ, ಮಾವನವರ ಮುಖವನ್ನು. ನನ್ನ ಕಡ್ಡಿ, ನನ್ನ ಬಟ್ಟಲು, ನನ್ನ ಬಿಎಸ್ಸಿ ಯಾವುದೂ ಮಾಡದ ಕೆಲಸವನ್ನು ಆ 'ಈಗೇ ಒಯ್ತೇನಿ' ಮಾಡಿತು. ಮೂವತ್ತು ವರ್ಷ ಗಂಜ್‌ನಲ್ಲಿ ಕೂತ ಮನುಷ್ಯ ಅವರು. ಕೊಳ್ಳುವವನು ಹೆಸರಿಡುವುದನ್ನು ನಿಲ್ಲಿಸಿ ಅವಸರ ಮಾಡಿದರೆ ಮಾಲು ಒಳ್ಳೆಯದು ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಕಟ್ಟೆಗೆ ಹೋದರು. ಸೈಲೆನ್ಸರನ್ನು ಎತ್ತಿ ತಿರುಗಿಸಿದರು. ಹೆಬ್ಬೆರಳು ಆ ಗಂಟಿನ ಮೇಲೆ ಹೋಗಿ ನಿಂತಿತು.

"ಗಾಡಿ ಮಾರೂದಿಲ್ರಿ," ಎಂದರು. "ಚಹಾ ಕುಡದು ಹೋಗ್ರಿ."

ಆ ಚಹಾಕ್ಕೆ ನಾನು ಸಕ್ಕರೆ ಎರಡು ಸಲ ಹಾಕಿದ್ದೆ ಎಂದು ಆಮೇಲೆ ಗೊತ್ತಾಯಿತು.

ಅಂದು ಸೈಲೆನ್ಸರಿಲ್ಲದೆಯೇ ಹೊರಟೆವು. ಅಫಜಲಪುರದ ಬಜಾರು ಪೂರ್ತಿ ಎದ್ದು ನಿಂತು ನೋಡಿತು. ಹಳ್ಳದ ಏರನ್ನು ಗಾಡಿ ಒಂದೇ ಉಸಿರಿಗೆ ಹತ್ತಿತು. ಹಾಲಿನ ಸೈಕಲ್ಲಿನವನು ಅಂದೂ ಸಿಕ್ಕ, ಹೆದರಿ ಕೆಳಗಿಳಿದು ದಾರಿ ಬಿಟ್ಟ. ನನಗಂತೂ ಅಂಬಾರಿಯ ಮೇಲೆ ಕೂತಷ್ಟು ಖುಷಿ.

ಮಾವನವರು ಕಾಕಾನಿಗೆ ಏನೋ ಹೇಳಿದರು. ಕಾಕಾ "ಆಂ?" ಎಂದರು. ಇನ್ನೊಮ್ಮೆ ಹೇಳಿದರು. "ಕೇಳವಲ್ದ್ರಿ ಸಾವ್ಕಾರ್ರ!" ಮೂರನೇ ಸಲಕ್ಕೆ ಮಾವನವರು ಕಾಕಾನನ್ನು ಬಿಟ್ಟು, ಸೀಟಿನ ಮೇಲೆ ಕೈ ಊರಿ ಪೂರ್ತಿ ಹಿಂದಕ್ಕೆ ತಿರುಗಿದರು. ಒಂದೂವರೆ ವರ್ಷದಲ್ಲಿ ಅವರ ಮುಖವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು.

"ತಂಗೀ! ಆ ತೂತು ಮುಚ್ಚಿಸಿದಾವ ನಾನೇ!" ಎಂದು, ನಮ್ಮ ಕಡೆ ಮಗಳನ್ನು ಕರೆಯುವ ಹಾಗೆ ಕರೆದು, ಗಂಟಲು ಹರಿಯುವಂತೆ ಕೂಗಿದರು.

"ಗೊತ್ತದ್ರಿ ಮಾವಾ!" ಎಂದು ನಾನೂ ಕೂಗಿದೆ. ಸೆರಗು ಜಾರಿ ಹೆಗಲಿಗೆ ಬಿತ್ತು.

"ಮತ್ತ ಯಾಕ ಹೇಳಲಿಲ್ಲ?"

"ನೀವು ನನಗ ಕೇಳಲಿಲ್ರಿ!"

ಮಾವನವರು ನಕ್ಕರು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಹೆಗಲು ಕುಣಿಯುವ ಹಾಗೆ ನಕ್ಕರು. ಕಾಕಾನಿಗೆ ಮಾತು ಕೇಳಿಸಿತೋ ಇಲ್ಲವೋ, ಅವರೂ ನಕ್ಕರು.

"ಬೆಂಕ್ಯಾಗಿಂದ ನೀರು ಹೆಂಗ ಹುಟ್ತದ? ಹೇಳು ಈಗ, ಕೇಳ್ತೇನಿ!"

ಗೊಬ್ಬೂರು ಬರುವ ತನಕ ಪಾಠ ಮಾಡಿದೆ. ಇಷ್ಟು ದೊಡ್ಡ ದನಿಯಲ್ಲಿ, ಇಷ್ಟು ಹಟಮಾರಿ ವಿದ್ಯಾರ್ಥಿಗೆ ಮತ್ತೆಂದೂ ಪಾಠ ಮಾಡಿಲ್ಲ. ತೊಗರಿ ಹೊಲದಲ್ಲಿದ್ದ ಹೆಣ್ಣುಮಕ್ಕಳು ಬಗ್ಗಿದವರು ಎದ್ದು ನೋಡಿದರು. ಸದ್ದು ಕೇಳಿ ಶಾಲೆಯ ಮಕ್ಕಳೆಲ್ಲ ಅಂಗಳಕ್ಕೆ ಬಂದಿದ್ದರು. ಆ ಐದು ಹುಡುಗಿಯರು ಮುಂದೆಯೇ ನಿಂತಿದ್ದರು. ಕಾರಿನಿಂದ ಇಳಿದಾಗ ನನ್ನ ದನಿ ಪೂರ್ತಿ ಕೂತಿತ್ತು, ಅಂದಿನ ಪಾಠವನ್ನೆಲ್ಲ ಕರೀಹಲಗೆಯ ಮೇಲೆ ಬರೆದೇ ಮುಗಿಸಿದೆ.

ಆ ವಾರವೇ ಹೊಸ ಸೈಲೆನ್ಸರು ಬಂತು. ಹಳೆಯದನ್ನು ಎರಡು ಹೋಳು ಮಾಡಿಸಿ ಶಾಲೆಗೆ ಒಯ್ದೆ. ನಾಲ್ಕು ಪರೀಕ್ಷಾ ನಳಿಕೆ, ಒಂದು ಸ್ಪಿರಿಟ್ ದೀಪ ಇದ್ದ ನಮ್ಮ ಪ್ರಯೋಗಶಾಲೆಗೆ ಅದೇ ದೊಡ್ಡ ಆಸ್ತಿಯಾಯಿತು. ಗಾಡಿಯ ಸದ್ದು ಅಡಗಿದ ಮೇಲೆ ಮಾತೂ ಅಡಗಬಹುದು ಎಂದು ನನಗೆ ಭಯವಿತ್ತು. ಮೊದಲ ದಿನ ಕಾಕಾ ಗಾಡಿ ಚಾಲೂ ಮಾಡಿದಾಗ, ಮಾವನವರು ಹತ್ತುವ ಮುನ್ನ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ಜೇಬಿನಿಂದ ದಬ್ಬಣ ತೆಗೆದು, ಹೊಸ ಸೈಲೆನ್ಸರಿನ ತೂತಿಗೆ ಹಾಕಿ ಎರಡು ಸಲ ಆಡಿಸಿದರು. ಹನಿ ಬಿತ್ತು. ಅಂಗೈಯಲ್ಲಿ ಹಿಡಿದು ನನ್ನ ಕಡೆ ಚಾಚಿ, "ನೋಡು ತಂಗಿ, ದಾರಿ ತೆರದದ," ಎಂದರು. ಅಂದಿನಿಂದ ಪ್ರತಿ ಸೋಮವಾರ ಇದು ನಡೆಯಿತು. ಅತ್ತೆ ಮಾತ್ರ ಅದನ್ನು ನೋಡಿದಾಗಲೆಲ್ಲ ಅಡುಗೆಮನೆಯ ಗೋಡೆ ತೋರಿಸುತ್ತಿದ್ದರು.

ಕಾರು ಮುಂದೆ ಆರೇಳು ವರ್ಷ ಓಡಿ, ನಿಜವಾಗಿಯೂ ಮುದಿಯಾಗಿ ನಿಂತಿತು. ಕಾಕಾ ಅದಕ್ಕೂ ಮೊದಲೇ ಮಗಳ ಊರಿಗೆ ಹೋಗಿದ್ದರು. ಗುಜರಿಯವರು ಕಾರು ಎಳೆದುಕೊಂಡು ಹೋದ ದಿನ ನಾನು ಯಾರನ್ನೂ ಏನೂ ಕೇಳಲಿಲ್ಲ. 'ಗಾಡಿ ಇರೋತನಕ' ಎಂಬ ಮಾತು ನನಗೆ ನೆನಪಿತ್ತು, ಅವರಿಗೂ ನೆನಪಿತ್ತು ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಇನ್ನೂ ಜಡೆ ಹಾಕಿಕೊಳ್ಳುತ್ತಿದ್ದಾಗಲೇ ಮಾವನವರು ಟೋಪಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಕಲಬುರ್ಗಿಯ ಬಸ್ಸು ಬಂತು, ಮಂದಿ ನುಗ್ಗಿತು. ಅರವತ್ತೈದು ದಾಟಿದ ಆ ಮನುಷ್ಯ ಗುಂಪಿನೊಳಗೆ ಹೊಕ್ಕು, ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯಿಂದ ಒಳಗೆ ಎಸೆದು ಒಂದು ಸೀಟು ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, ಗಾಡಿಯಲ್ಲಿ ಅಂದು ಕೂಗಿದ ಅದೇ ದನಿಯಲ್ಲಿ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರು.

"ಹತ್ತು ತಂಗೀ, ಹತ್ತು! ಸಾಲಿಗಿ ಹೊತ್ತಾಗ್ತದ!"